ಹೊಸ ಆವಿ ಕೊಳವೆ ಹಾಕಿ ಪೆಟ್ರೋಮ್ಯಾಕ್ಸ್ ಹೊತ್ತಿಸಿದ ಬಗೆ

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ, ತಂತಿಯ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ದು ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಇನ್ವರ್ಟರ್ ಮೊದಲ ರಾತ್ರಿಯೇ ಕೈಕೊಡುತ್ತದೆ. ಹೋದ ವರ್ಷ ಅಜ್ಜನ ಕಾಲದ ಪೆಟ್ರೋಮ್ಯಾಕ್ಸ್ ದೀಪವನ್ನು ಅಟ್ಟದಿಂದ ಇಳಿಸಿ ನೋಡಿದಾಗ, ಅದರ ಆವಿ ಕೊಳವೆಯೊಳಗೆ ಮಸಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಚಿಕ್ಕಮಗಳೂರಿನ ಹಳೆಯ ಅಂಗಡಿಯೊಂದರಲ್ಲಿ ಹೊಸ ಕೊಳವೆಯೂ, ಉರಿಯಲ್ಲಿ ಕಾದು ಬೆಳಗುವ ಬಲೆಯಂಥ ಬಟ್ಟೆಚೀಲಗಳಾದ ನಾಲ್ಕು ಮ್ಯಾಂಟಲ್‌ಗಳೂ ಸಿಕ್ಕಿದವು.

ನಮ್ಮ ಕಡೆ ಇದನ್ನು ಗ್ಯಾಸ್‌ಲೈಟ್ ಎನ್ನುತ್ತಾರೆ. ವಾಸ್ತವದಲ್ಲಿ ಇದರಲ್ಲಿ ಉರಿಯುವುದು ಸೀಮೆಎಣ್ಣೆಯ ಆವಿ. ಟ್ಯಾಂಕಿನ ಒತ್ತಡಕ್ಕೆ ಮೇಲೇರಿದ ಎಣ್ಣೆ ಕಾದ ಕೊಳವೆಯಲ್ಲಿ ಆವಿಯಾಗಿ, ಕೊಳವೆಯ ತುದಿಯ ನಿಪ್ಪಲ್‌ನ ಕೂದಲೆಳೆಯಷ್ಟು ಸಣ್ಣ ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ಮ್ಯಾಂಟಲ್‌ನಲ್ಲಿ ಉರಿಯುತ್ತದೆ. ಬರ್ಲಿನ್ನಿನ ಮ್ಯಾಕ್ಸ್ ಗ್ರೇಟ್ಸ್ 1910ರ ಸುಮಾರಿಗೆ ರೂಪಿಸಿದ ಈ ಏರ್ಪಾಡಿನಲ್ಲಿ ಕೊಳವೆ ಕಾಯದಿದ್ದರೆ ಉಳಿದ ಯಾವುದೂ ನಡೆಯುವುದಿಲ್ಲ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಹೊಸ ಕೊಳವೆಯನ್ನು ತಂದ ಹಾಗೆಯೇ ಬಿಗಿದು, ಕೊಳವೆ ಕಾಯಿಸಲು ಪುಟ್ಟ ಬಟ್ಟಲಿಗೆ ಹಾಕಿದ ಸ್ಪಿರಿಟ್ ಅರ್ಧ ಉರಿಯುವ ಮೊದಲೇ ಪಂಪ್ ಹೊಡೆದೆ. ಆವಿಯಾಗದ ಎಣ್ಣೆ ಹಸಿಯಾಗಿಯೇ ಹೊರಬಂದು, ಗಾಜಿನ ಮೇಲಕ್ಕೆ ಹಳದಿ ಜ್ವಾಲೆ ಎದ್ದು, ಮ್ಯಾಂಟಲ್ ಹರಿದುಬಿತ್ತು. ತಕ್ಷಣ ಗಾಳಿಯ ತಿರುಪು ಸಡಿಲಿಸಿ ಒತ್ತಡ ಇಳಿಸಿದ್ದರಿಂದ ಜಗುಲಿಯ ಮಾಡಿಗೆ ಬೆಂಕಿ ತಗಲಲಿಲ್ಲ.

ಮಾರನೆಯ ದಿನ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಆರಂಭಿಸಿದೆ. ನಿಪ್ಪಲ್ ತೆಗೆದು ಹೊಸ ಕೊಳವೆಯೊಳಗೆ ಸೀಮೆಎಣ್ಣೆ ಹಾಯಿಸಿ ಬಿಳಿಯ ಬಟ್ಟೆಯ ಮೇಲೆ ಸುರಿದಾಗ, ಹಿತ್ತಾಳೆಯ ಸಣ್ಣ ಸಣ್ಣ ಚೂರುಗಳು ಹೊಳೆಯುತ್ತ ಬಂದವು. ಲೇತಿನಲ್ಲಿ ಕಡೆದ ಚೂರು ಒಂದೇ ಒಂದು ನಿಪ್ಪಲ್‌ನಲ್ಲಿ ಸಿಕ್ಕಿಕೊಂಡರೂ ಬೆಳಕು ಕುಗ್ಗುತ್ತದೆ. ಬಟ್ಟೆಯಲ್ಲಿ ಏನೂ ಬೀಳದವರೆಗೆ ಮೂರು ಬಾರಿ ಹಾಯಿಸಿದೆ. ಪಂಪಿನ ಚರ್ಮದ ವಾಷರನ್ನು ಒಂದು ರಾತ್ರಿ ಹರಳೆಣ್ಣೆಯಲ್ಲಿ ನೆನೆಹಾಕಿದ್ದೆ. ನಮ್ಮ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದರಿಂದ ಅದು ಈ ಕೆಲಸಕ್ಕೆ ಒದಗುವುದಿಲ್ಲ. ಟ್ಯಾಂಕಿಗೆ ಮುಕ್ಕಾಲು ಭಾಗ ಮಾತ್ರ, ಸೋಸಿದ ಎಣ್ಣೆ ಹಾಕಿದೆ.

ಮ್ಯಾಂಟಲ್ ಕಟ್ಟುವುದಕ್ಕೆ ಹೆಚ್ಚು ತಾಳ್ಮೆ ಬೇಕು. ಪಿಂಗಾಣಿಯ ಬಾಯಿಗೆ ಅದನ್ನು ಏರಿಸಿ, ನೆರಿಗೆಗಳು ಸುತ್ತಲೂ ಸಮನಾಗಿ ಹಂಚಿಹೋಗುವಂತೆ ಬೆರಳಿನಿಂದ ಎಳೆದು, ಆಮೇಲೆ ದಾರ ಬಿಗಿಯಬೇಕು. ಒಂದು ಕಡೆ ನೆರಿಗೆ ದಪ್ಪವಾದರೆ ಆ ಕಡೆ ಬೆಳಕು ಮಂಕು. ಹೊಸ ಮ್ಯಾಂಟಲ್ ಮೊದಲ ಉರಿಯಲ್ಲಿ ಬಟ್ಟೆಯೆಲ್ಲ ಸುಟ್ಟು, ಬಿಳಿಯ ಬೂದಿಯ ಗೂಡಾಗಿ ಕುಗ್ಗುತ್ತದೆ. ಅನಂತರ ಉಗುರು ತಾಕಿದರೂ ಪುಡಿಯಾಗುವಷ್ಟು ಸೂಕ್ಷ್ಮ. ಮ್ಯಾಂಟಲ್ ಕಂಡುಹಿಡಿದ ಆಸ್ಟ್ರಿಯಾದ ರಸಾಯನವಿಜ್ಞಾನಿ ಆವರ್ ಫೊನ್ ವೆಲ್ಸ್‌ಬಾಖ್ 1891ರಲ್ಲಿ ಬಳಸಿದ ಮಿಶ್ರಣದಲ್ಲಿ ಶೇ. 99 ಥೋರಿಯಂ ಆಕ್ಸೈಡ್, ಶೇ. 1 ಸೀರಿಯಂ ಆಕ್ಸೈಡ್ ಇತ್ತು. ಥೋರಿಯಂ ವಿಕಿರಣಶೀಲವಾದ್ದರಿಂದ ಮೊದಲ ಹೊಗೆಯನ್ನು ಮೂಗಿಗೆ ಎಳೆದುಕೊಳ್ಳಬಾರದೆಂದು ಮಕ್ಕಳನ್ನು ದೂರ ನಿಲ್ಲಿಸಿ ಅಂಗಳದಲ್ಲೇ ಸುಟ್ಟೆ.

ಈ ಸಲ ಸ್ಪಿರಿಟ್ ಬಟ್ಟಲನ್ನು ತುಂಬಿ ಹೊತ್ತಿಸಿ, ನೀಲಿ ಜ್ವಾಲೆ ತೀರಾ ಸಣ್ಣದಾಗುವವರೆಗೆ ಪಂಪ್ ಮುಟ್ಟಲೇ ಇಲ್ಲ. ಆಮೇಲೆ ಹತ್ತು ಹನ್ನೆರಡು ಹೊಡೆತ ಮಾತ್ರ ಕೊಟ್ಟೆ. ಮ್ಯಾಂಟಲ್ ಬುಡದಲ್ಲಿ ಕೆಂಪಾಗಿ, ನಡುವೆ ಹಳದಿಯಾಗಿ, ನೋಡುತ್ತಿದ್ದಂತೆ ಪೂರ್ತಿ ಬೆಳ್ಳಗಾಯಿತು. ಸುಂಯ್ ಎನ್ನುವ ಆ ಒಂದೇ ಶ್ರುತಿ ನಿಂತಿತು. ಒಂದು ಗಂಟೆ ಕಡಿಮೆ ಒತ್ತಡದಲ್ಲೇ ಉರಿಸಿ, ಆರಿಸಿ, ಸಂಪೂರ್ಣ ತಣ್ಣಗಾದ ಮೇಲೆ ಕೊಳವೆಯ ಬುಡದ ತಿರುಪನ್ನು ಸ್ಪ್ಯಾನರ್‌ನಿಂದ ಮತ್ತೊಮ್ಮೆ ಬಿಗಿದೆ. ಹೊಸ ಕೀಲು ಮೊದಲ ಬಿಸಿಗೆ ಹಿಗ್ಗಿ ತುಸು ಸಡಿಲವಾಗಿತ್ತು. ಎರಡನೆಯ ಸಲ ಟ್ಯಾಂಕಿನ ಒತ್ತಡದ ಮಾಪಕ ಕೆಂಪು ಗೆರೆಗೆ ಬರುವವರೆಗೆ ಒತ್ತಡ ಏರಿಸಿದೆ. ಒಂದು ಕಿಟಕಿ ತೆರೆದಿಟ್ಟು, ಪಡಸಾಲೆಯ ಕೊಕ್ಕೆಗೆ ತೂಗುಹಾಕಿ, ಆ ಬೆಳಕಿನಲ್ಲಿ ಅಮ್ಮ ಕಾಫಿಬೀಜದ ಲೆಕ್ಕ ಬರೆದಳು.