ಫೈರಿಂಗ್ ಪಾಸಾಗಬೇಕಾ? ಗ್ರೂಪಿಂಗ್‌ನಿಂದ ಶುರು ಮಾಡಿ

ಧಾರವಾಡದ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ ಸೈನ್ಯ ಸೇರಬೇಕು ಅಂತ ಬೆಳಿಗ್ಗೆ ಓಡೋಕೆ ಬರುವ ಹುಡುಗರು ನನ್ನನ್ನ ಕೇಳೋದು ಒಂದೇ ಪ್ರಶ್ನೆ. "ಕಾಕಾ, ಓಟ ಹ್ಯಾಂಗರ ಪಾಸ್ ಆಗ್ತೀವಿ, ಫೈರಿಂಗ್ ಹ್ಯಾಂಗ್ರಿ?"

ಫೈರಿಂಗ್ ಅಂದ್ರೆ ಸೈನ್ಯದ ತರಬೇತಿಯಲ್ಲಿ ರೈಫಲ್‌ನಿಂದ ಗುರಿಗೆ ಗುಂಡು ಹೊಡೆಯೋ ಪರೀಕ್ಷೆ. ಅದನ್ನ ಪಾಸಾಗೋದು ರೇಂಜ್‌ನಲ್ಲಲ್ಲ, ಅದಕ್ಕೂ ಮೊದಲು ಖಾಲಿ ರೈಫಲ್ ಹಿಡಿದು ಮಣ್ಣಲ್ಲಿ ಮಲಗಿದ ದಿನಗಳಲ್ಲಿ. ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರ್ ಇರಲಿ, ಬೇರೆಲ್ಲೇ ಇರಲಿ, ಉಸ್ತಾದ್ (ತರಬೇತಿ ಕೊಡೋರು) ಹೇಳೋದು ಮೂರೇ ಮಾತು: ಮಜಬೂತ್ ಪಕಡ್ (ಗಟ್ಟಿ ಹಿಡಿತ), ದುರುಸ್ತ್ ಶಿಸ್ತ್, ಸಹೀ ಟ್ರಿಗರ್. ಇಲ್ಲಿ ಶಿಸ್ತ್ ಅಂದ್ರೆ ನಮ್ಮ ಶಿಸ್ತಲ್ಲ, ಗುರಿ ಹಿಡಿಯೋದು. ನಮ್ಮ ಕಡೆ ಹುಡುಗರಿಗೆ ಮೊದಲ ವಾರ ಇದೇ ಗೊಂದಲ.

ಮೊದಲು ಮಲಗೋದು ಕಲಿಯಿರಿ. ಬಟ್ (ರೈಫಲ್‌ನ ಹಿಂದಿನ ತುದಿ) ಭುಜದ ಗುಂಡಿಯಲ್ಲಿ ಗಟ್ಟಿಯಾಗಿ ಕೂರಬೇಕು, ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ತಾಗಬೇಕು. ಗುರಿ ಹಿಡಿದು ಕಣ್ಣು ಮುಚ್ಚಿ, ಒಂದು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಫೋರ್‌ಸೈಟ್ (ನಳಿಗೆಯ ಮುಂದಿರೋ ಗುರಿಮೊಳೆ) ತುದಿ ಟಾರ್ಗೆಟ್ ಬಿಟ್ಟು ಎಡಕ್ಕೋ ಬಲಕ್ಕೋ ಹೋಗಿದ್ರೆ ಕೈಯಿಂದ ಎಳೆದು ತರಬೇಡಿ, ಸೊಂಟ ಕಾಲು ಸರಿಸಿ ಮೈನೇ ತಿರುಗಿಸಿ. ಕೈಯಿಂದ ಎಳೆದಿದ್ದು ಗುಂಡು ಹಾರಿದ ಕೂಡಲೇ ವಾಪಸ್ ಹೋಗುತ್ತೆ.

ಕಣ್ಣಿನ ಗಮನ ಫೋರ್‌ಸೈಟ್ ತುದಿ ಮೇಲೇ ಇರಲಿ. ತುದಿ ಸ್ಪಷ್ಟ, ಟಾರ್ಗೆಟ್ ಸ್ವಲ್ಪ ಮಸುಕು, ಹಾಗೇ ಕಾಣಬೇಕು. ಅರ್ಧ ಉಸಿರು ಬಿಟ್ಟು ತಡೆಯಿರಿ, ಆದ್ರೆ ಎಂಟತ್ತು ಸೆಕೆಂಡ್‌ಗಿಂತ ಜಾಸ್ತಿ ಹಿಡಿದ್ರೆ ಕಣ್ಣು ಮಂಜಾಗುತ್ತೆ, ಆಗ ಬಿಟ್ಟು ಮತ್ತೆ ಶುರು ಮಾಡಿ. ಟ್ರಿಗರ್ ನಿಧಾನ ಒತ್ತಿ. ಶಬ್ದಕ್ಕೆ ಹೆದರಿ ಮೊದಲೇ ಕಣ್ಣು ಮುಚ್ಚಿ ಭುಜ ಬಿಗಿ ಮಾಡೋದರಿಂದಲೇ ಜಾಸ್ತಿ ಹುಡುಗರು ಫೇಲ್ ಆಗ್ತಾರೆ. ಖಾಲಿ ರೈಫಲ್ ಬ್ಯಾರಲ್ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಒತ್ತಿ ನೋಡಿ. ಅದು ಬೀಳದೇ ಇರೋವರೆಗೂ ಬಿಡಬೇಡಿ.

ರೇಂಜ್‌ನಲ್ಲಿ ಮೊದಲು ಗ್ರೂಪಿಂಗ್, ಅಂದ್ರೆ ಗುಂಡುಗಳನ್ನ ಒಂದೇ ಕಡೆ ಒತ್ತೊತ್ತಾಗಿ ಬೀಳಿಸೋದು. ಐದು ಗುಂಡು, ಒಂದೇ ಗುರಿಬಿಂದು. ಐದೂ ಒತ್ತೊತ್ತಾಗಿ ಕೆಳಗೆ ಎಡಕ್ಕೆ ಬಿದ್ರೂ ಸಂತೋಷಪಡಿ, ಏಕೆಂದ್ರೆ ಶೂಟರ್ ಸರಿ ಇದ್ದಾನೆ, ಸೈಟ್ ಮಾತ್ರ ತಪ್ಪಿದೆ. ಅದನ್ನ ಝೀರೋಯಿಂಗ್‌ನಲ್ಲಿ (ಸೈಟ್ ಹೊಂದಿಸೋದು) ಸರಿ ಮಾಡ್ತಾರೆ, ಗುಂಡು ಬಿದ್ದ ಕಡೆಗೇ ಫೋರ್‌ಸೈಟ್ ಸರಿಸ್ತಾರೆ. ಐದು ಗುಂಡು ಐದು ಕಡೆ ಹೋಗಿದ್ರೆ ಮಾತ್ರ ಯಾವ ಸೈಟೂ ಕಾಪಾಡಲ್ಲ. ಮೊದಲ ಗುಂಡು ಪಕ್ಕಕ್ಕೆ ಹೋಯ್ತು ಅಂತ ನೀವೇ ಗುರಿ ಬದಲಿಸಬೇಡಿ, ಐದೂ ಅಲ್ಲಿಗೇ ಹೊಡೀರಿ.

ಆಮೇಲೆ ಮಲಗಿ, ಮೊಣಕಾಲೂರಿ, ನಿಂತು ಹೊಡೆಯೋದು, ದೂರ ಹೆಚ್ಚೋದು. ಇನ್ಸಾಸ್ ರೈಫಲ್‌ನ 5.56 ಎಂಎಂ ಗುಂಡು ಹಗುರ, 300 ಮೀಟರ್‌ನಲ್ಲಿ ಗಾಳಿ ತಳ್ಳುತ್ತೆ. ಗದಗದ ಹುಡುಗರಿಗೆ ಕಪ್ಪತಗುಡ್ಡದ ಗಾಳಿ ಗೊತ್ತಲ್ವಾ, ಅಂಥ ಗಾಳಿ ಎದ್ರೆ ರೇಂಜ್‌ನ ಕೆಂಪು ಬಾವುಟ ಯಾವ ಕಡೆ ಹಾರ್ತಿದೆ ನೋಡಿ. ಬಿದ್ದ ಗುಂಡು ಲೆಕ್ಕ ಹಾಕಿ ಮಾರ್ಕ್ಸ್‌ಮನ್, ಫಸ್ಟ್ ಕ್ಲಾಸ್, ಸ್ಟ್ಯಾಂಡರ್ಡ್ ಅಂತ ದರ್ಜೆ ಕೊಡ್ತಾರೆ.

ಎಷ್ಟೇ ಚೆನ್ನಾಗಿ ಹೊಡೆದಿರಿ, ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಲಿ. ಹುಕುಂ ಬರೋವರೆಗೂ ಬೆರಳು ಟ್ರಿಗರ್ ಹೊರಗೆ. ಗುಂಡು ಸಿಕ್ಕಿಕೊಂಡ್ರೆ ಹಿಂದೆ ತಿರುಗಿ ಉಸ್ತಾದ್‌ಗೆ ತೋರಿಸೋಕೆ ಹೋಗಬೇಡಿ, ಮಲಗಿದಲ್ಲೇ ಕೈ ಎತ್ತಿ. ಕೊನೆಗೆ ರೈಫಲ್ ಖಾಲಿ ಮಾಡಿ ತೋರಿಸಿ, ಖಾಲಿ ಕೇಸ್‌ಗಳನ್ನ (ಹಾರಿದ ಗುಂಡಿನ ಕವಚ) ಹುಲ್ಲಲ್ಲಿ ಹುಡುಕಿ ಎಣಿಸಿ ಕೊಡಿ, ಜೇಬಲ್ಲಿ ಗುಂಡಾಗಲಿ ಕೇಸಾಗಲಿ ಇಲ್ಲ ಅಂತ ಜೋರಾಗಿ ಹೇಳಿಯೇ ರೇಂಜ್ ಬಿಡಬೇಕು.