ಖಾತೆ ತೆರೆದ ಮೊದಲ ತಿಂಗಳು ಬಾಯಿ ಮುಚ್ಚಿಕೊಂಡಿರಿ

ನಾನು ಸೋಷಿಯಲ್ ಮೀಡಿಯಾಕ್ಕೆ ಬಂದದ್ದು ತಡವಾಗಿ, ಅದೂ ಮುಜುಗರಪಟ್ಟುಕೊಂಡು. ಅಗ್ನಿ ಅವಘಡವೊಂದರ ಸುದ್ದಿಯನ್ನು ಓಡೋಡಿ ಬಂದು ಫೈಲ್ ಮಾಡಿದ್ದೆ. ಡೆಸ್ಕಿಗೆ ಹೊಸದಾಗಿ ಸೇರಿದ್ದ ಹುಡುಗಿ ತನ್ನ ಫೋನ್ ತೋರಿಸಿ, "ಸರ್, ಇದು ಬಂದು 40 ನಿಮಿಷ ಆಯ್ತು" ಅಂದಳು. ಎದುರು ಮನೆಯ ಮಹಡಿಯಿಂದ ಯಾರೋ ವಿಡಿಯೊ ಹಾಕಿದ್ದರು. ಅಂದು ರಾತ್ರಿಯೇ ಖಾತೆ ತೆರೆದೆ.

ಮೂರನೇ ವಾರ ಎಡವಿದೆ. ಕುಸಿದ ಸೇತುವೆಯ ಫೋಟೊ ಒಂದನ್ನು "ಇದೀಗ ಬಂದ ಚಿತ್ರ" ಅಂತ ಹಂಚಿಕೊಂಡೆ. ಅದು ಬೇರೆ ದೇಶದ್ದು, ಮೂರು ವರ್ಷ ಹಳೆಯದು. ಪತ್ರಕರ್ತ ಅಂತ ಬರೆದುಕೊಂಡಿದ್ದೆನಲ್ಲ, ಜನ ನಂಬಿ ಹಂಚುತ್ತಲೇ ಹೋದರು. ಅದಕ್ಕೇ ಹೊಸಬರಿಗೆ ನಾನು ಮೊದಲು ಹೇಳುವುದು: ಖಾತೆ ತೆರೆಯಿರಿ, ಒಂದು ತಿಂಗಳು ಸುಮ್ನೆ ಕೇಳಿಸಿಕೊಳ್ಳಿ.

ಖಾತೆಯ ಕೆಲಸ ಅರ್ಧ ಗಂಟೆಯದ್ದು. ಬೈಲೈನಿನಲ್ಲಿ, ಅಂದರೆ ವರದಿಯ ಜೊತೆ ಅಚ್ಚಾಗುವ ಸಾಲಿನಲ್ಲಿ, ಇರುವ ಹೆಸರನ್ನೇ ಹಾಕಿ. ಮುಖ ಕಾಣುವ ಫೋಟೊ ಇರಲಿ. ಪರಿಚಯದ ಸಾಲಿನಲ್ಲಿ ಯಾವ ಸಂಸ್ಥೆ, ಯಾವ ಬೀಟ್ (ನೀವು ವರದಿ ಮಾಡುವ ಕ್ಷೇತ್ರ), ಆಫೀಸಿನ ಇಮೇಲ್ ಇಷ್ಟು ಸಾಕು. ಮೊಬೈಲ್ ನಂಬರ್ ಬೇಡ. "ಅಭಿಪ್ರಾಯಗಳು ವೈಯಕ್ತಿಕ" ಅನ್ನುವ ಸಾಲು ಯಾರನ್ನೂ ಕಾಪಾಡಿದ್ದನ್ನು ನಾನಂತೂ ನೋಡಿಲ್ಲ. ನಿಮ್ಮ ಸಂಸ್ಥೆಯ ನಿಯಮ ಏನಿದೆ ಅಂತ ಮೊದಲೇ ಕೇಳಿಕೊಳ್ಳಿ. ಮಕ್ಕಳ ಫೋಟೊ, ಮದುವೆ ಫೋಟೊ ಇರುವ ಖಾತೆ ಬೇರೆ ಇರಲಿ, ಅದಕ್ಕೆ ಬೀಗ ಇರಲಿ.

ಪಾಸ್‌ವರ್ಡ್ ಜೊತೆಗೆ ಒಂದು ಕೋಡ್ ಕೂಡ ಕೇಳುವ ಎರಡು ಹಂತದ ಭದ್ರತೆಯನ್ನು ಅಂದೇ ಹಾಕಿ. ಕೋಡ್ ಎಸ್ಎಂಎಸ್‌ನಲ್ಲಿ ಬರುವುದಕ್ಕಿಂತ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು. ನಿಮ್ಮ ನಂಬರಿಗೆ ಇನ್ಯಾರೋ ಹೊಸ ಸಿಮ್ ತೆಗೆಸಿಕೊಂಡರೆ ಎಸ್ಎಂಎಸ್ ಅವರಿಗೇ ಹೋಗುತ್ತದೆ. ಕೈತಪ್ಪಿದ ಖಾತೆಯಿಂದ ನಿಮ್ಮ ಹೆಸರಲ್ಲಿ ಒಂದು ಸುಳ್ಳು ಸುದ್ದಿ ಹೋದರೆ ಸಾಕು, ವರ್ಷಗಟ್ಟಲೆ ಗಳಿಸಿದ್ದು ಹೋಯಿತು.

ಎಲ್ಲ ಕಡೆ ಇರಬೇಕಾ? ಬೇಡ. ನಿಮ್ಮ ಬೀಟಿನ ಜನ ಎಲ್ಲಿದ್ದಾರೋ ಅಲ್ಲಿರಿ. ರಾಜಕೀಯಕ್ಕೆ ಎಕ್ಸ್ (ಹಿಂದಿನ ಟ್ವಿಟರ್), ಕಂಪನಿಗಳ ಸುದ್ದಿಗೆ ಲಿಂಕ್ಡ್‌ಇನ್, ಬಡಾವಣೆಯ ಜಗಳ ನೀರು ಕಸಕ್ಕೆ ಫೇಸ್‌ಬುಕ್ ಗುಂಪು. ಒಂದರಲ್ಲಿ ಕೈ ಕುದುರಿದ ಮೇಲೆ ಎರಡನೆಯದು.

ಇನ್ನು ಕೇಳಿಸಿಕೊಳ್ಳುವ ಕೆಲಸ. ಎಕ್ಸ್‌ನಲ್ಲಿ 'ಲಿಸ್ಟ್' ಅಂತ ಇದೆ, ಆರಿಸಿದ ಖಾತೆಗಳ ಪೋಸ್ಟ್‌ಗಳನ್ನಷ್ಟೇ ಒಂದು ಕಡೆ ತೋರಿಸುವ ಪಟ್ಟಿ. ಅದನ್ನು ಪ್ರೈವೇಟ್ ಇಟ್ಟರೆ ಅದರೊಳಗೆ ಯಾರನ್ನು ಸೇರಿಸಿದ್ದೀರಿ ಅಂತ ಅವರಿಗೆ ಗೊತ್ತಾಗುವುದಿಲ್ಲ. ನನ್ನ ಮೊದಲ ಲಿಸ್ಟಿನಲ್ಲಿ ಬರೀ ದೊಡ್ಡವರೇ ಇದ್ದರು, ಮಂತ್ರಿಗಳು, ವಕ್ತಾರರು. ಅವರು ಹೇಳುವುದು ಹೇಗೂ ಪ್ರೆಸ್ ನೋಟಿನಲ್ಲಿ ಬರುತ್ತದೆ, ಅಲ್ವಾ? ಈಗ ಅದರಲ್ಲಿ ನರ್ಸ್‌ಗಳಿದ್ದಾರೆ, ಬಸ್ ಡ್ರೈವರ್‌ಗಳಿದ್ದಾರೆ, ಹವಾಮಾನದ ಹುಚ್ಚಿಗೆ ದಿನಾ ಮಳೆ ಅಳೆಯುವವರಿದ್ದಾರೆ. ಸುದ್ದಿ ಮೊದಲು ಕದಲುವುದು ಅವರಲ್ಲಿ.

ಹುಡುಕುವುದಕ್ಕೂ ಒಂದು ಉಪಾಯ ಇದೆ. ನಾವು "ದುರ್ಘಟನೆ ಸಂಭವಿಸಿದೆ" ಅಂತ ಬರೆಯುತ್ತೇವೆ. ಕಣ್ಣಾರೆ ಕಂಡವರು ಹಾಗೆ ಬರೆಯುವುದಿಲ್ಲ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಯಿತು. ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ಹೊರಟ ದೋಣಿಯಲ್ಲಿದ್ದ ಒಬ್ಬರು ಫೋನಿನಲ್ಲಿ ತೆಗೆದ ಫೋಟೊ ಟ್ವಿಟರ್ ಮೂಲಕ ಜಗತ್ತೆಲ್ಲ ಸುತ್ತಿತು. ಅವರು ಬರೆದದ್ದರ ಸಾರ ಇಷ್ಟೇ: ನದಿಯಲ್ಲಿ ವಿಮಾನ ಇದೆ, ನಾನು ದೋಣಿಯಲ್ಲಿದ್ದೇನೆ. ಆ 'ನಾನು' ಮುಖ್ಯ. ಹಾಗಾಗಿ ಜಾಗದ ಹೆಸರಿನ ಜೊತೆ "ನಾನು", "ನಮ್ಮ ಮನೆ", "ಅಯ್ಯೋ", "ಏನಾಯ್ತು" ಇಂಥವನ್ನು ಸೇರಿಸಿ ಹುಡುಕಿ. ದಿನಾಂಕ ಹಾಕಿ ಹುಡುಕುವ ಸೌಲಭ್ಯವೂ ಇದೆ, ಎಕ್ಸ್‌ನ ಅಡ್ವಾನ್ಸ್ಡ್ ಸರ್ಚ್‌ನಲ್ಲಿ ನೋಡಿ.

ಸಿಕ್ಕವರನ್ನು ಮಾತಾಡಿಸುವುದು ಹೇಗೆ? "ದಯವಿಟ್ಟು ಸಂಪರ್ಕಿಸಿ" ಅಂತ ಹತ್ತು ವರದಿಗಾರರು ಆಗಲೇ ಬರೆದಿರುತ್ತಾರೆ. ನಾನು ಕಳಿಸುವುದು ಹೀಗೆ: "ನಮಸ್ಕಾರ, ನಾನು ಇಂಥ ಪತ್ರಿಕೆಯ ವರದಿಗಾರ. ನೀವು ಹುಷಾರಾಗಿದ್ದೀರಾ? ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಹೇಳಿದರೂ ಸಾಕು: ಈ ವಿಡಿಯೊ ನೀವೇ ತೆಗೆದದ್ದಾ? ಎಲ್ಲಿ ನಿಂತಿದ್ದಿರಿ? ನಿಮ್ಮ ಹೆಸರು ಹಾಕಿ ಬಳಸಬಹುದಾ?" ಇನ್ನಷ್ಟು ಹತ್ತಿರ ಹೋಗಿ ತೆಗೆಯಿರಿ ಅಂತ ಮಾತ್ರ ಯಾವತ್ತೂ ಕೇಳಬೇಡಿ. ಅವರು ನಮ್ಮ ಫೋಟೊಗ್ರಾಫರ್ ಅಲ್ಲ.

"ನೀವೇ ತೆಗೆದದ್ದಾ" ಅಂತ ಕೇಳಿದಾಗ "ಇಲ್ಲ ಸರ್, ಗ್ರೂಪಿನಲ್ಲಿ ಬಂತು" ಅನ್ನುವವರೇ ಜಾಸ್ತಿ. ನೀವೇ ತೆಗೆದಿದ್ದರೆ ಮೂಲ ಫೈಲ್ ಇಮೇಲ್ ಮಾಡಿ ಅನ್ನಿ. ವಾಟ್ಸ್‌ಆ್ಯಪ್‌ನಲ್ಲಿ ಸುಮ್ನೆ ಫೋಟೊ ಕಳಿಸಿದರೆ ತೆಗೆದ ಸಮಯ, ಕ್ಯಾಮೆರಾ, ಜಾಗದ ಮಾಹಿತಿ ಅಳಿಸಿಹೋಗುತ್ತದೆ. ಆಮೇಲೆ ಅದೇ ಫೋಟೊ ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಹಾಕಿ ನೋಡಿ. ಏನೂ ಸಿಗಲಿಲ್ಲ ಅಂದ ಮಾತ್ರಕ್ಕೆ ಹೊಸ ಫೋಟೊ ಅಂತ ಅಲ್ಲ. ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಹಾಕಿರುತ್ತಾರೆ, ನೀವೂ ತಿರುಗಿಸಿ ಹುಡುಕಿ. ವಿಡಿಯೊ ಆದರೆ ಎರಡು ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು ಹಾಕಿ. ಬೋರ್ಡಿನ ಭಾಷೆ, ನಂಬರ್ ಪ್ಲೇಟು, ನೆರಳು ಯಾವ ಕಡೆ ಬಿದ್ದಿದೆ, ಜನ ಸ್ವೆಟರ್ ಹಾಕಿದ್ದಾರಾ, ಎಲ್ಲ ನೋಡಿ. ನನ್ನ ಸೇತುವೆಯ ಫೋಟೊದಲ್ಲಿ ವಾಹನಗಳು ನಮ್ಮ ಹಾಗೆ ಎಡಬದಿಯಲ್ಲಿ ಅಲ್ಲ, ಬಲಬದಿಯಲ್ಲಿ ಹೋಗುತ್ತಿದ್ದವು. ಹತ್ತು ಸೆಕೆಂಡ್ ದಿಟ್ಟಿಸಿದ್ದರೆ ಸಾಕಿತ್ತು.

ನೆರೆ ಬಂದ ರಸ್ತೆಯಲ್ಲಿ ಶಾರ್ಕ್ ಈಜುವ ಫೋಟೊ ನೋಡಿರಬಹುದು. 2011ರಲ್ಲಿ ಒಂದು ಚಂಡಮಾರುತದ ಹೊತ್ತಿಗೆ ಓಡಾಡಿತು, 2017ರಲ್ಲಿ ಇನ್ನೊಂದಕ್ಕೆ ಮತ್ತೆ ಬಂತು, ಅದೇ ಶಾರ್ಕ್. ಸುಳ್ಳು ಫೋಟೊಗೆ ವಯಸ್ಸಾಗುವುದಿಲ್ಲ. ಖಾತೆಯ ಹೆಸರಿನ ಪಕ್ಕದ ನೀಲಿ ಟಿಕ್ ನೋಡಿ ನಂಬುವ ಕಾಲವೂ ಹೋಯಿತು. 2023ರ ಏಪ್ರಿಲ್‌ನಲ್ಲಿ ಟ್ವಿಟರ್ ಹಳೆಯ ಟಿಕ್‌ಗಳನ್ನು ತೆಗೆದುಹಾಕಿತು, ಈಗ ಅದು ಚಂದಾ ಕಟ್ಟಿದರೂ ಸಿಗುತ್ತದೆ.

ತಪ್ಪು ಆದರೆ? ನಾನು ಸೇತುವೆಯ ಪೋಸ್ಟನ್ನು ಸದ್ದಿಲ್ಲದೆ ಅಳಿಸಿದೆ, ಅದು ಎರಡನೇ ತಪ್ಪು. ಸ್ಕ್ರೀನ್‌ಶಾಟ್ ಆಗಲೇ ಹೊರಟಿತ್ತು. ಅಳಿಸಬೇಕಾದರೆ ಅಳಿಸಿ, ಆದರೆ ಏನು ತಪ್ಪಿತ್ತು, ಸರಿ ಯಾವುದು ಅಂತ ಕೂಡಲೇ ಹೊಸ ಪೋಸ್ಟ್ ಹಾಕಿ. ಬೇರೆಯವರ ಪೋಸ್ಟ್ ಸುದ್ದಿಗೆ ಬೇಕು ಅನ್ನಿಸಿದರೆ ಅವರು ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದು, ಪುಟವನ್ನು ವೆಬ್ ಪುಟಗಳ ಪ್ರತಿ ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲೂ ಉಳಿಸಿ.

ಬೈಗುಳ ಬರುತ್ತದೆ, ಅದೂ ಹೆಣ್ಣುಮಕ್ಕಳಿಗೆ ಹೆಚ್ಚು, ಹೊಲಸಾಗಿ. ವಾದಕ್ಕಿಳಿಯಬೇಡಿ, ಅವರ ಪೋಸ್ಟ್ ನಿಮಗೆ ಕಾಣದ ಹಾಗೆ ಮ್ಯೂಟ್ ಮಾಡಿ. ಬೆದರಿಕೆ ಆದರೆ ದಾಖಲೆ ಇಟ್ಟುಕೊಂಡು ಅಂದೇ ಸಂಪಾದಕರಿಗೆ ತಿಳಿಸಿ.

ತಿಂಗಳು ಕಳೆದ ಮೇಲೆ ಬರೆಯಲು ಶುರು ಮಾಡಿ. ಬರೀ ಲಿಂಕ್ ಹಾಕಿ ಹೋಗಬೇಡಿ. ವರದಿಯಲ್ಲಿ ಜಾಗ ಸಾಲದೆ ಬಿಟ್ಟ ಒಂದು ವಿವರ, ಆದೇಶದ ಒಂದು ಪುಟ, ನಿಮಗೆ ಇನ್ನೂ ಉತ್ತರ ಸಿಗದ ಒಂದು ಪ್ರಶ್ನೆ ಹಾಕಿ. ಪ್ರಶ್ನೆ ಹಾಕಿದ ದಿನವೇ ನನಗೆ ಜಾಸ್ತಿ ಫೋನ್ ಬರುವುದು.

ಅಂದು ಫೋನ್ ತೋರಿಸಿದ ಡೆಸ್ಕಿನ ಆ ಹುಡುಗಿಯ ಪ್ರೈವೇಟ್ ಲಿಸ್ಟೊಂದರಲ್ಲಿ ನಾನೂ ಇದ್ದೇನಂತೆ. ಅದಕ್ಕೇನು ಹೆಸರಿಟ್ಟಿದ್ದಾಳೆ ಅಂತ ಇವತ್ತಿಗೂ ಹೇಳಿಲ್ಲ.