ಮಕ್ಕಳ ಜೊತೆ ಮನೆಯಲ್ಲೇ ಕೆಲಸ: ಹೊತ್ತು ಹೊಂದಿಸುವುದು ಹೇಗೆ?

ಕೆಲಸದ ಹೊತ್ತನ್ನು ಮಗುವಿನ ನಿದ್ದೆ ನೋಡಿ ಇಟ್ಟುಕೊಳ್ಳಿ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಕೂತು ನಾನು ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಮಗಳು ಅಂಗನವಾಡಿಗೆ ಹೋಗುತ್ತಾಳೆ, ಚಿಕ್ಕವನು ಊಟ ಆದಮೇಲೆ ಮಲಗುತ್ತಾನೆ. ತಲೆ ಓಡಿಸಬೇಕಾದ ಕೆಲಸಕ್ಕೆ ಆ ಹೊತ್ತೇ ಸರಿ. ಬಿಲ್ ಕಳಿಸೋದು, ಮೇಲ್ ನೋಡೋದು ಮಕ್ಕಳು ಪಕ್ಕದಲ್ಲಿ ಆಡುತ್ತಿದ್ದರೂ ನಡೆಯುತ್ತದೆ. ಆಗ ಮೊಬೈಲ್ ಕೊಡಬೇಡಿ. ಒಂದು ಅಡಿಕೆ ಹಾಳೆ, ಎರಡು ಬಣ್ಣದ ಸೀಮೆಸುಣ್ಣ ಕೊಟ್ಟರೆ ನಮ್ಮವಳು ಗೀಚುತ್ತಾಳೆ, ಒರೆಸುತ್ತಾಳೆ, ಮತ್ತೆ ಗೀಚುತ್ತಾಳೆ.

ಲಂಡನ್ನಿನ ಗಿರಾಕಿ ಸಿಕ್ಕರೆ ಇನ್ನೂ ಅನುಕೂಲ. ಅಲ್ಲಿ ಬೆಳಗ್ಗೆ 9 ಅಂದರೆ ನಮಗೆ ಅವರ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಅವರ ಚಳಿಗಾಲದಲ್ಲಿ 2.30. ಮಗು ಮಲಗುವ ಹೊತ್ತೇ ಅಲ್ವಾ!

ಮಳೆಗಾಲದ ತಯಾರಿ ಬೇರೆಯೇ. ತಂತಿ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲ. ರೌಟರ್‌ಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ರೌಟರಿನ ಅಡಾಪ್ಟರ್ ಮೇಲಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಹೆಚ್ಚಿನವು 12 ವೋಲ್ಟಿನವು. ಜೋರು ಮಳೆಗೆ ಡಿಸಿ ರಜೆ ಕೊಟ್ಟರೆ ಮಕ್ಕಳು ಮನೆಯಲ್ಲೇ. ಹಾಗಾಗಿ ಜುಲೈ ಕೆಲಸಕ್ಕೆ ಎರಡು ದಿನ ಜಾಸ್ತಿಯೇ ಕೇಳಿ.

ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಅತ್ತೆಯವರಿಗೆ ಪುರುಸೊತ್ತೇ ಇರುವುದಿಲ್ಲ. ಆಗ ನಾನು ಹೊಸ ಕೆಲಸ ಹಿಡಿಯುವುದಿಲ್ಲ.

ಹೊಸ ಗಿರಾಕಿಯಿಂದ ಅರ್ಧ ದುಡ್ಡು ಮುಂಗಡ ತಗೊಳ್ಳಿ. ಮಗುವಿಗೆ ಜ್ವರ ಬಂದರೆ ಬೆಳಗ್ಗೆಯೇ ಫೋನ್ ಮಾಡಿ ಹೇಳಿಬಿಡಿ, ಹೊಸ ತಾರೀಕನ್ನೂ ಆಗಲೇ ಕೊಡಿ.